ಪಿಗ್ಮಿ ಕಾಕಾ ಇಲ್ಲದ ಊರು

ಜರ್ಮನಿಯಲ್ಲಿ ಓದಿ ಅಲ್ಲೇ ಕೆಲಸಕ್ಕಿರುವ ನಾನು 2025ರ ಜುಲೈನಲ್ಲಿ ರಜೆ ಹಾಕಿ ಗದಗಿಗೆ ಬಂದಿದ್ದೆ. ಬಂದ ಮೂರನೇ ದಿನ ನಮ್ಮ ಓಣಿಯ ಒಬ್ಬ ಹುಡುಗಿ ತನ್ನ ಅವ್ವನ ಜೊತೆ ಮನೆಗೆ ಬಂದಳು. ಹುಬ್ಬಳ್ಳಿಯಲ್ಲಿ ಬಿಇ ಮುಗಿಸಿದ್ದಾಳೆ. ಸೆಪ್ಟೆಂಬರ್‌ನಲ್ಲಿ ಜರ್ಮನಿಗೆ ಎಂಎಸ್ ಓದಲು ಹೊರಟಿದ್ದಳು. ಚಹಾ ಮುಗಿಯುವವರೆಗೂ ಸುಮ್ಮನೆ ಕೂತಿದ್ದವಳು ಕಡೆಗೆ ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕಾರ, ನೀವು ತಿಂಗಳಿಗೆ ಎಷ್ಟರಾಗ ಮುಗಸ್ತಿದ್ರಿ?"

"480 ಯೂರೋ," ಅಂದೆ. ಯೋಚನೆ ಕೂಡ ಮಾಡಲಿಲ್ಲ. ಆ ಅಂಕಿ ನನಗೆ ನನ್ನ ಹುಟ್ಟಿದ ತಾರೀಖಿನಷ್ಟೇ ಬಾಯಿಪಾಠ. ಹುಡುಗಿಯ ಅವ್ವ ಮಗಳ ಕಡೆ ತಿರುಗಿ, "ನೋಡು, ಹಿಂಗ ಇರಬೇಕು. ಅಪ್ಪನ ರೊಕ್ಕದ ಬೆಲಿ ಗೊತ್ತಿರಬೇಕು," ಅಂದರು. ಹುಡುಗಿ ತಲೆ ಆಡಿಸಿದಳು, ಮೊಬೈಲ್ ತೆಗೆದು ಆ ಅಂಕಿ ಬರೆದುಕೊಂಡಳು. ಅವರು ಹೋದ ಮೇಲೆ ನನಗೆ ಸಮಾಧಾನವೇ ಇರಲಿಲ್ಲ. ನಾನು ಹೇಳಿದ್ದರಲ್ಲಿ ಒಂದು ಯೂರೋ ಕೂಡ ಸುಳ್ಳಿಲ್ಲ. ಆದರೂ ಯಾಕೋ ಆ ಹುಡುಗಿಗೆ ಮೋಸ ಮಾಡಿದ ಹಾಗೆ ಅನ್ನಿಸಿತು.

ಅದೇ ರಾತ್ರಿ ಅವ್ವ ನನ್ನ ಹಳೆಯ ಕಿರ್ದಿ ಪುಸ್ತಕ ತಿರುವಿ ಹಾಕುತ್ತಿದ್ದಳು. ನಾನು ಹೊರಡುವಾಗ ಅಪ್ಪ ಕೈಯಾರೆ ಹೊಲಿದು ಕೊಟ್ಟ ಪುಸ್ತಕ ಅದು. ಕೆಂಪು ಬಟ್ಟೆಯ ರಟ್ಟು, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಅವ್ವ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಲೆಕ್ಕ ಓದುವುದು ಅವಳಿಗೆ ಬಹಳ ಚೆನ್ನಾಗಿ ಬರುತ್ತದೆ. ಅಕ್ಟೋಬರ್, ನವೆಂಬರ್, ಡಿಸೆಂಬರ್ ಅಂತ ಒಂದೊಂದೇ ಹಾಳೆ ದಾಟಿಸಿ, ಬೆರಳು ನಿಲ್ಲಿಸಿ ಕೇಳಿದಳು: "ಇದರಾಗ ಹಾಲು ಎಲ್ಲೂ ಇಲ್ಲಲ್ಲವಾ?"

ನಿಜ, ಇರಲಿಲ್ಲ. ಮೊದಲ ಏಳು ತಿಂಗಳು ನಾನು ಹಾಲು ಕೊಂಡಿರಲಿಲ್ಲ. ಚಹಾ ಬಿಟ್ಟಿದ್ದೆ. ಮೊಸರನ್ನೂ ಬಿಟ್ಟಿದ್ದೆ. ಒಂದು ಲೀಟರ್ ಹಾಲಿಗೆ ಒಂದು ಯೂರೋದ ಆಸುಪಾಸು ಇತ್ತು. ನಾನು ಅದನ್ನು ಎಂಬತ್ತು ರೂಪಾಯಿ ಅಂತ ಓದುತ್ತಿದ್ದೆ. ಅವ್ವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ, ಪುಸ್ತಕ ಮುಚ್ಚಿ ಗೂಡಿನಲ್ಲಿ ಇಟ್ಟಳು. ಈ ಬರಹ ಅವ್ವನ ಆ ಪ್ರಶ್ನೆಗೆ ಉತ್ತರ ಅಂದುಕೊಳ್ಳಿ. ಆ ಹುಡುಗಿಗೂ ಇದನ್ನೇ ಹೇಳಬೇಕಾಗಿತ್ತು.

ದಿನಕ್ಕೆ ನೂರು

ಅಪ್ಪನದು ಬೈಂಡಿಂಗ್ ಕೆಲಸ. ಗದಗಿಗೆ ಮುದ್ರಣ ಕಾಶಿ ಅಂತ ಹೆಸರಿದ್ದ ಕಾಲದಲ್ಲಿ ಕಲಿತ ಕಸುಬು. ಮೊದಲೆಲ್ಲ ದೀಪಾವಳಿ ಪಾಡ್ಯ ಬಂತೆಂದರೆ ಅಪ್ಪನಿಗೆ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಪೇಟೆಯ ಅಂಗಡಿಯವರು, ಅಡತಿಯವರು ಎಲ್ಲರಿಗೂ ಹೊಸ ಖಾತೆ, ಹೊಸ ಕಿರ್ದಿ ಬೇಕಾಗುತ್ತಿತ್ತು. ಈಗ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಿದೆ. ಪೂಜೆಗೆ ಇಡಲು ಒಂದು ಕಿರ್ದಿ ಒಯ್ಯುತ್ತಾರೆ, ಅಷ್ಟೇ. ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟು, ಗ್ರಂಥಾಲಯದ ಹರಿದ ಪುಸ್ತಕ, ಮದುವೆ ಹಂಗಾಮಿನಲ್ಲಿ ಕಾರ್ಡು, ಹೀಗೆ ಅಂಗಡಿ ನಡೆಯುತ್ತದೆ.

ಸಂಜೆ ಏಳರ ಸುಮಾರಿಗೆ ಪಿಗ್ಮಿ ಕಾಕಾ ಬರುತ್ತಿದ್ದರು. ಹೆಗಲಿಗೆ ಚರ್ಮದ ಚೀಲ, ಕೈಯಲ್ಲಿ ರಸೀದಿಯ ಮಷೀನು. ಪಿಗ್ಮಿ ಅಂದರೇನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬ್ಯಾಂಕಿನವರು ದಿನಾ ಬಾಗಿಲಿಗೇ ಬಂದು ಒಯ್ಯುವ ಈ ಸಣ್ಣ ಉಳಿತಾಯ ಹುಟ್ಟಿದ್ದೂ ನಮ್ಮ ರಾಜ್ಯದಲ್ಲೇ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಬ್ಯಾಂಕು 1928ರಲ್ಲಿ ಟಿ.ಎಂ.ಎ. ಪೈ ಅವರ ಕಾಲದಲ್ಲಿ ಶುರು ಮಾಡಿದ್ದು. ಆಗ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಅಪ್ಪನದು ದಿನಕ್ಕೆ ನೂರು ರೂಪಾಯಿ. ಒಂದು ದಿನ ಬೋಣಿಗೆಯೇ ಆಗಿರಲಿಲ್ಲ. ಅಪ್ಪ ಗಲ್ಲಾಪೆಟ್ಟಿಗೆ ತೆರೆದು ಮುಚ್ಚಿ, "ನಾಳೆ ಬರ್ರಿ ಕಾಕಾ," ಅಂದರು. ಕಾಕಾ ಹೋಗಲಿಲ್ಲ. ಸ್ಟೂಲಿನ ಮೇಲೆ ಕೂತು, "ಹತ್ತರೂಪಾಯರ ಹಾಕ್ರಿ. ರೊಕ್ಕಲ್ಲ, ರೂಢಿ ತಪ್ಪಬಾರದು," ಅಂದರು. ಅಪ್ಪ ಹತ್ತು ರೂಪಾಯಿ ಹಾಕಿದರು. ನಾನು ಆಗ ಹೈಸ್ಕೂಲಿನಲ್ಲಿದ್ದೆ, ಪಕ್ಕದಲ್ಲೇ ಗೋಂದು ಹಚ್ಚುತ್ತಾ ಕೂತಿದ್ದೆ. ಹಣ ಉಳಿಸುವುದು ಅಂದರೆ ಇದು ಅಂತ ನನ್ನ ತಲೆಯಲ್ಲಿ ಅವತ್ತೇ ಅಚ್ಚಾಯಿತು.

ಆದರೆ ಅದೇ ಅಂಗಡಿಯಲ್ಲಿ ನಾನು ನೋಡಿಯೂ ಗಮನಿಸದೆ ಬಿಟ್ಟಿದ್ದು ಇನ್ನೊಂದಿದೆ. ಹೊರದೇಶದ ಓದಿಗೆ ಬೇಕಾದ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಹದಿನೈದು ಸಾವಿರದ ಮೇಲೆ ಫೀ ಇತ್ತು. ನಾನು ಹೇಳಲು ಹೆದರಿ ಎರಡು ವಾರ ಮುಂದೂಡಿದೆ. ಹೇಳಿದಾಗ ಅಪ್ಪ ಯಾವ ಮಾತೂ ಆಡಲಿಲ್ಲ. ಸಂಜೆ ಕಾಕಾ ಬಂದಾಗ, "ಪಿಗ್ಮಿ ತಗಿಸಬೇಕಾಗೇತ್ರಿ," ಅಂದರು. ಅವಧಿಗೆ ಮುಂಚೆ ತೆಗೆದರೆ ಬಡ್ಡಿ ಹೋಗುತ್ತಿತ್ತು. ಕಾಕಾ ಅದನ್ನು ನೆನಪಿಸಿದರು. ಅಪ್ಪ, "ಹೋಗ್ಲಿ ಬಿಡ್ರಿ," ಅಂದರು. ಮುಖದಲ್ಲಿ ಚೂರೂ ಬೇಸರ ಇರಲಿಲ್ಲ. ವರ್ಷಗಟ್ಟಲೆ ಹತ್ತು, ನೂರು ಅಂತ ಹಾಕಿದ ಮನುಷ್ಯ ಒಂದೇ ಸಂಜೆ ಅಷ್ಟನ್ನೂ ತೆಗೆದು ಕೊಟ್ಟರು. ಹಾಕುವುದನ್ನು ಮಾತ್ರ ನಾನು ಅವರಿಂದ ಕಲಿತು ವಿಮಾನ ಹತ್ತಿದೆ. ತೆಗೆಯುವುದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಎಂಬತ್ತರ ಮಗ್ಗಿ

ನಾನು ಹೋಗಿದ್ದು 2022ರ ಅಕ್ಟೋಬರ್‌ನಲ್ಲಿ, ಸೀಗನ್ ಎಂಬ ಗುಡ್ಡದ ಊರಿಗೆ. ಸರ್ಕಾರಿ ವಿಶ್ವವಿದ್ಯಾಲಯ, ಬೋಧನಾ ಶುಲ್ಕ ಇಲ್ಲ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೀಗೇ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಫೀ ಇಲ್ಲ ಅಂದಕೂಡಲೇ ನಮ್ಮ ಕಡೆ "ಫುಕಟ್ ಓದು" ಅಂದುಬಿಡುತ್ತಾರೆ. ಅಲ್ಲಿಗೆ ಹೋಗುವ ಮೊದಲೇ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟಿಗೆ ತುಂಬಬೇಕು. ನನ್ನ ಸರದಿಯಲ್ಲಿ ಅದು 10,332 ಯೂರೋ. ಅದರಿಂದ ತಿಂಗಳಿಗೆ 861 ಯೂರೋ ಮಾತ್ರ ಕೈಗೆ ಬರುತ್ತದೆ. ತುಂಬಿದ್ದು ಒಟ್ಟು, ಆಗಿನ ದರದಲ್ಲಿ, ಸುಮಾರು 8.4 ಲಕ್ಷ ರೂಪಾಯಿ. ಟಿಕೆಟ್ಟು, ವೀಸಾ ಎಲ್ಲ ಸೇರಿ 9.5 ಲಕ್ಷ ಸಾಲ ಎತ್ತಿದೆವು. ಬೆಟಗೇರಿಯ ಮನೆಯ ಕಾಗದಪತ್ರ ಬ್ಯಾಂಕಿನಲ್ಲಿ ಇಟ್ಟೆವು. ಬಡ್ಡಿ ಹತ್ತೂವರೆ. ಅಂದರೆ ದಿನಕ್ಕೆ 273 ರೂಪಾಯಿ.

ಈ 273 ನನ್ನನ್ನು ಮಲಗಲು ಬಿಡಲಿಲ್ಲ. ಅಪ್ಪ ದಿನಕ್ಕೆ ನೂರು ಕೂಡಿಡುತ್ತಾರೆ, ನನ್ನಿಂದ ದಿನಕ್ಕೆ 273 ಏರುತ್ತದೆ. ಓದು ಮುಗಿಯುವವರೆಗೆ ಕಂತು ಕಟ್ಟಬೇಕಿಲ್ಲ ಅಂತ ಬ್ಯಾಂಕಿನವರು ಹೇಳಿದ್ದರು. ಕಂತು ಇರುವುದಿಲ್ಲ, ಬಡ್ಡಿ ಇರುತ್ತದೆ. ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ, ನಾವೂ ಬಿಡಿಸಿ ಕೇಳಿರಲಿಲ್ಲ. (ಓದುವಾಗಲೇ ತಿಂಗಳ ಬಡ್ಡಿ ಕಟ್ಟಿಕೊಂಡು ಹೋದರೆ ಕೆಲವು ಬ್ಯಾಂಕುಗಳು ದರದಲ್ಲಿ ಒಂದು ಪರ್ಸೆಂಟ್ ಬಿಡುತ್ತವೆ. ಸಾಲ ಮಾಡುವವರು ಮೊದಲ ದಿನವೇ ಇದನ್ನು ಕೇಳಿ.)

ಹಾಗಾಗಿ ಅಲ್ಲಿ ಪ್ರತಿಯೊಂದಕ್ಕೂ ಎಂಬತ್ತರ ಮಗ್ಗಿ ಹೇಳುತ್ತಿದ್ದೆ. ಬಾಡಿಗೆ 240, ವಿದ್ಯಾರ್ಥಿ ವಿಮೆ ಸುಮಾರು 115, ಸೆಮಿಸ್ಟರ್ ಫೀ ತಿಂಗಳಿಗೆ ಹಂಚಿದರೆ 50, ಫೋನಿಗೆ 10. ಟಿವಿ ಇರಲಿ ಬಿಡಲಿ ಪ್ರತಿ ಮನೆಯೂ ತಿಂಗಳಿಗೆ 18.36 ಯೂರೋ ರೇಡಿಯೋ-ಟಿವಿ ಶುಲ್ಕ ಕಟ್ಟಬೇಕು. ಅದು ಮನೆಗೆ ಒಂದೇ, ತಲೆಗೊಂದಲ್ಲ. ನಾವು ನಾಲ್ಕು ಜನ ಒಂದೇ ಫ್ಲ್ಯಾಟಿನಲ್ಲಿ ಇದ್ದುದರಿಂದ ನನ್ನ ಪಾಲಿಗೆ 5 ಯೂರೋ ಒಳಗೇ ಬಂತು. ಇಷ್ಟಕ್ಕೇ 420 ಆಯಿತು. ಇವನ್ನು ಕಡಿಮೆ ಮಾಡುವಂತಿಲ್ಲ. ಕಡಿಮೆ ಮಾಡಲು ಉಳಿದದ್ದು ಹೊಟ್ಟೆ ಒಂದೇ. ತಿಂಗಳಿಗೆ 60 ಯೂರೋ, ದಿನಕ್ಕೆ 2. ಅಕ್ಕಿ, ತುರ್ಕಿಯವರ ಅಂಗಡಿಯ ಕೆಂಪು ಬೇಳೆ, ಆಲೂಗಡ್ಡೆ, ಉಳ್ಳಾಗಡ್ಡಿ. ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ. ರೊಟ್ಟಿಯನ್ನು ವಾರಕ್ಕೆ ಎರಡರಂತೆ ಎಣಿಸಿ ತಿಂದೆ, ಫೆಬ್ರವರಿವರೆಗೆ ಬಂತು. ಖಾಲಿ ಪ್ಲಾಸ್ಟಿಕ್ ಬಾಟಲಿ ಅಂಗಡಿಯ ಮಷೀನಿಗೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತದೆ. ಬೇರೆಯವರು ಬಿಟ್ಟುಹೋದ ಬಾಟಲಿಗಳನ್ನೂ ಎತ್ತಿಕೊಂಡು ಬರುತ್ತಿದ್ದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಈಗಲೂ ಹಾಗೆಯೇ ಅನ್ನಿಸುತ್ತದೆ.

ತಪ್ಪಾಗಿದ್ದು ಬೇರೆ ಕಡೆ. ಯಾರಾದರೂ ಕಾಫಿಗೆ ಕರೆದರೆ ಹೋಗುತ್ತಿರಲಿಲ್ಲ. ಕ್ಲಾಸಿನವರು ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಕೂತು ಅಸೈನ್‌ಮೆಂಟ್ ಬಿಡಿಸುತ್ತಿದ್ದರು, ನಾನು ಡಬ್ಬಿ ಹಿಡಿದು ಬೇರೆ ಕೂರುತ್ತಿದ್ದೆ. ಊಟ ಮೂರು ಯೂರೋದ ಒಳಗೇ ಸಿಗುತ್ತಿತ್ತು. ಆ ಮೂರು ಯೂರೋದಲ್ಲಿ ಊಟದ ಜೊತೆ ಹಳೆಯ ಪ್ರಶ್ನೆಪತ್ರಿಕೆ, ಯಾವ ವಿಭಾಗದಲ್ಲಿ ಸಹಾಯಕರು ಬೇಕು, ಯಾವ ಪ್ರೊಫೆಸರ್ ಹೇಗೆ ಅನ್ನುವುದೆಲ್ಲ ಸೇರಿತ್ತು. ನನ್ನ ಕಿರ್ದಿಯಲ್ಲಿ ಮಾತ್ರ "ಕ್ಯಾಂಟೀನ್, ಉಳಿತಾಯ 3" ಅಂತ ಕಾಣುತ್ತಿತ್ತು.

ರಾತ್ರಿ ಹತ್ತರಿಂದ ಎರಡು

ಎರಡನೇ ವರ್ಷ ವೀಸಾ ಮುಂದುವರಿಸಲು ಮತ್ತೆ ಒಂದು ವರ್ಷದ ಹಣ ತೋರಿಸಬೇಕು. 2023ರ ಜನವರಿಯಿಂದ ಆ ಮೊತ್ತ 11,208ಕ್ಕೆ ಏರಿತ್ತು. ಸಾಲದ ಇನ್ನೊಂದು ಕಂತು ಎತ್ತಬಾರದು ಅಂತ ನಾನು ಹಟ ಹಿಡಿದಿದ್ದೆ. ತಿಂಗಳಿಗೆ 380ರಂತೆ ವರ್ಷಕ್ಕೆ 4,560 ಯೂರೋ ಉಳಿಸಿದ್ದೆ. ಬೇಸಿಗೆ ರಜೆಯಲ್ಲಿ ಒಂದು ಕಾರ್ಖಾನೆಯಲ್ಲಿ ದುಡಿದೆ. ಉಳಿದದ್ದಕ್ಕೆ ಕೈಗಡ ಮಾಡಿ ಹೇಗೋ ತೋರಿಸಿದೆ. ಆ ಕೈಗಡ ತೀರಿಸಲು 2023ರ ನವೆಂಬರ್‌ನಲ್ಲಿ ಪಾರ್ಸೆಲ್ ವಿಂಗಡಿಸುವ ಒಂದು ಗೋದಾಮಿಗೆ ಸೇರಿದೆ. ವಾರಕ್ಕೆ ಐದು ರಾತ್ರಿ, ಹತ್ತರಿಂದ ಎರಡು. ತಾಸಿಗೆ 12 ಯೂರೋ, ಜನವರಿಯಿಂದ 12.41. ಅಲ್ಲಿನ ಆಗಿನ ಕನಿಷ್ಠ ಕೂಲಿ ಅದು. ಸೆಮಿಸ್ಟರ್ ನಡೆಯುವಾಗ ವಿದ್ಯಾರ್ಥಿಗಳಿಗೆ ವಾರಕ್ಕೆ 20 ತಾಸಿನ ಮಿತಿ, ನಾನು ಮಿತಿಯ ಅಂಚಿಗೆ ನಿಂತಿದ್ದೆ.

ಆ ಚಳಿಗಾಲದ ಒಂದು ರಾತ್ರಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಜನವರಿ, ಎರಡು ಗಂಟೆ ದಾಟಿತ್ತು. ಆ ಹೊತ್ತಿಗೆ ಬಸ್ಸಿಲ್ಲ. ಗೋದಾಮಿನಿಂದ ನಮ್ಮ ಹಾಸ್ಟೆಲಿಗೆ ನಲವತ್ತು ನಿಮಿಷ ನಡಿಗೆ, ಪೂರ್ತಿ ಏರು. ಹಿಮ ಬಿದ್ದು ಅರ್ಧ ಕರಗಿ ಮತ್ತೆ ಹೆಪ್ಪುಗಟ್ಟಿತ್ತು. ನನ್ನ ಕಾಲಲ್ಲಿ ಗದಗಿನ ಪೇಟೆಯಲ್ಲಿ ಕೊಂಡ ಕ್ಯಾನ್ವಾಸ್ ಬೂಟು. ಚಳಿಗಾಲದ ಬೂಟಿಗೆ 60 ಯೂರೋ ಇತ್ತು, ಅಷ್ಟೊತ್ತಿಗೆ ಮಗ್ಗಿ ತೊಂಬತ್ತರದಾಗಿತ್ತು, 5,400 ರೂಪಾಯಿ ಅಂತ ಎರಡು ಸಲ ಅಂಗಡಿಯಿಂದ ವಾಪಸ್ ಬಂದಿದ್ದೆ. ಕಾಲ್ಚೀಲದ ಮೇಲೆ ಪ್ಲಾಸ್ಟಿಕ್ ಕವರ್ ಸುತ್ತಿ ಬೂಟು ಹಾಕಿಕೊಂಡಿದ್ದೆ. ಅರ್ಧ ದಾರಿಗೆ ಬೆರಳು ಇವೆಯೋ ಇಲ್ಲವೋ ಗೊತ್ತಾಗದ ಹಾಗಾಯಿತು. ಒಂದು ಬಸ್ ನಿಲ್ದಾಣದಲ್ಲಿ ಕೂತೆ. ಗದಗಿನಲ್ಲಿ ಆಗ ಬೆಳಗಿನ ಏಳು ಹತ್ತಿರ. ಅಪ್ಪ ಅಂಗಡಿಯ ಕದ ತೆಗೆದು ನೀರು ಚಿಮುಕಿಸುವ ಹೊತ್ತು. ಫೋನ್ ಹಚ್ಚಲು ಹೋಗಿ ಬಿಟ್ಟೆ. ಈ ಹೊತ್ತಿನಲ್ಲಿ ಯಾಕೆ ಎದ್ದಿದ್ದೀ ಅಂತ ಕೇಳಿದರೆ ಏನು ಹೇಳುವುದು?

ಬೆಳಿಗ್ಗೆ ಎಂಟಕ್ಕೆ ಕ್ಲಾಸು. ಮೊದಲು ಒಂದು ಕ್ಲಾಸ್ ತಪ್ಪಿತು, ಆಮೇಲೆ ವಾರಕ್ಕೆ ಎರಡು, ಮೂರು. ಫೆಬ್ರವರಿಯಲ್ಲಿ ಕಂಟ್ರೋಲ್ ಥಿಯರಿ ಪರೀಕ್ಷೆಗೆ ಕೂತಾಗ ಪ್ರಶ್ನೆ ಓದಿದೆ, ಮತ್ತೆ ಓದಿದೆ. ಗೊತ್ತಿದ್ದದ್ದೇ. ಆದರೆ ಕೈಗೆ ಬರಲಿಲ್ಲ. ನಲವತ್ತು ನಿಮಿಷಕ್ಕೆ ಎದ್ದು ಹೊರಗೆ ಬಂದೆ. ಅಲ್ಲಿ 1.0 ಅಂದರೆ ಎಲ್ಲಕ್ಕಿಂತ ಮೇಲೆ, 4.0 ಪಾಸಿನ ಗೆರೆ, 5.0 ನಪಾಸು. ಎರಡು ವಿಷಯಗಳಲ್ಲಿ ನನ್ನದು 5.0. ಬೇಕಾದಷ್ಟು ಕ್ರೆಡಿಟ್ ಇಲ್ಲದೆ ಥೀಸಿಸ್ ಶುರು ಮಾಡುವಂತಿರಲಿಲ್ಲ. ನಾಲ್ಕು ಸೆಮಿಸ್ಟರಿನ ಓದು ಐದಾಯಿತು.

ಆಮೇಲೆ ಒಂದು ಭಾನುವಾರ ಕಿರ್ದಿ ತೆರೆದು ಲೆಕ್ಕ ಹಾಕಿದೆ. ನಾಲ್ಕು ತಿಂಗಳು ರಾತ್ರಿ ದುಡಿದು ಬಂದದ್ದು ಸುಮಾರು 3,900 ಯೂರೋ. ಒಂದು ಹೆಚ್ಚಿನ ಸೆಮಿಸ್ಟರಿಗೆ ತಿಂಗಳಿಗೆ 600ರಂತೆ ಆರು ತಿಂಗಳಿಗೆ 3,600. ಆ ಆರು ತಿಂಗಳು ಸಾಲದ ಮೇಲೆ ಏರಿದ ಬಡ್ಡಿ ಸುಮಾರು 50,000 ರೂಪಾಯಿ, ಅಂದರೆ ಇನ್ನೊಂದು 550 ಯೂರೋ. ದುಡಿದದ್ದು ಪೂರ್ತಿ ಅಲ್ಲಿಗೇ ಹೋಯಿತು, ಮೇಲೆ ಇನ್ನಷ್ಟು ಕೈಯಿಂದಲೇ ಬಿತ್ತು. ಆರು ತಿಂಗಳು ತಡವಾಗಿ ಶುರುವಾದ ಸಂಬಳವನ್ನು ನಾನು ಲೆಕ್ಕಕ್ಕೆ ಹಿಡಿಯಲೇ ಇಲ್ಲ, ಹಿಡಿಯುವ ಧೈರ್ಯ ಆಗಲಿಲ್ಲ. ಹಾಲಿನಲ್ಲಿ, ಬೂಟಿನಲ್ಲಿ, ಕ್ಯಾಂಟೀನಿನಲ್ಲಿ ಸೆಂಟ್ ಸೆಂಟ್ ಕಾಯ್ದ ಹುಡುಗಿ ದೊಡ್ಡ ಬಾಗಿಲನ್ನೇ ತೆರೆದಿಟ್ಟಿದ್ದೆ.

ಮನೆಗೆ ಹೇಳಲು ಮೂರು ವಾರ ಬೇಕಾಯಿತು. ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎಷ್ಟ ರೊಕ್ಕ ಬೇಕಾಗತೈತವಾ?" ಅಂದರು. ಏನೂ ಬೇಡ, ಹೇಗೋ ಮಾಡುತ್ತೇನೆ ಅಂದೆ. "ಹೆಂಗರ ಮಾಡೂದು ಅಂದ್ರ ಹೆಂಗ? ಪಿಗ್ಮಿ ಐತಿ, ತಗಿಸ್ತೀನಿ. ಅದ ಇರೂದರ ಯಾತಕ್ಕ?" ಅಂದರು. ನಾನು ಫೋನ್ ಇಟ್ಟು ಅತ್ತೆ. ಬೈದಿದ್ದರೆ ಅಷ್ಟು ಅಳು ಬರುತ್ತಿರಲಿಲ್ಲ. ಮಾರನೇ ವಾರ ಗೋದಾಮಿನ ಕೆಲಸ ಬಿಟ್ಟೆ, ಚಳಿ ಮುಗಿಯುತ್ತಾ ಬಂದಿದ್ದರೂ ಬೂಟು ಕೊಂಡೆ.

ನಾಲ್ಕು ಜನರ ಡಬ್ಬಿ

ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಾಲ್ಕು ಜನರಿಗೆ ನಾಲ್ಕು ಕಪಾಟು, ಫ್ರಿಜ್ಜಿನಲ್ಲಿ ನಾಲ್ಕು ಅರೆ. ನಾನು, ತಮಿಳುನಾಡಿನ ಒಬ್ಬಳು, ಬಾಂಗ್ಲಾದೇಶದ ಒಬ್ಬಳು, ಇಥಿಯೋಪಿಯಾದ ಒಬ್ಬಳು. ಒಂದೂವರೆ ವರ್ಷ ನಾಲ್ಕೂ ಜನ ಬೇರೆ ಬೇರೆ ಹೊತ್ತಿಗೆ ಬಂದು, ಒಬ್ಬೊಬ್ಬರಿಗೆ ಒಂದೊಂದು ಹಿಡಿ ಅಕ್ಕಿ ಬೇಯಿಸಿಕೊಳ್ಳುತ್ತಿದ್ದೆವು. ನಾಲ್ಕು ಎಣ್ಣೆ ಬಾಟಲಿ, ನಾಲ್ಕು ಉಪ್ಪಿನ ಪೊಟ್ಟಣ. ಕೊತ್ತಂಬರಿ ಕೊಂಡರೆ ಅರ್ಧ ಕೊಳೆತು ಹೋಗುತ್ತಿತ್ತು.

2024ರ ಮಾರ್ಚ್‌ನಲ್ಲಿ ಮನೆಯಿಂದ ಬಂದವರೊಬ್ಬರು ಅವ್ವ ಕಳಿಸಿದ ಜೋಳದ ಹಿಟ್ಟು ತಂದುಕೊಟ್ಟರು. ನಾನು ರೊಟ್ಟಿ ಬಡಿಯುವ ಸದ್ದಿಗೆ ಇಥಿಯೋಪಿಯಾದವಳು ಎದ್ದು ಬಂದಳು. ಹಿಟ್ಟು ಮುಟ್ಟಿ ನೋಡಿದಳು, ಮೂಸಿದಳು. ಅವಳ ಊರಲ್ಲೂ ಜೋಳ ಬೆಳೆಯುತ್ತಾರಂತೆ. ಅವರ ಇಂಜೆರಾ ರೊಟ್ಟಿಗೆ ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟು, ಅದಿಲ್ಲದವರು ಜೋಳ ಬೆರೆಸುತ್ತಾರಂತೆ. ಅವತ್ತು ನಾಲ್ಕೂ ಜನ ಒಂದೇ ಮೇಜಿಗೆ ಕೂತು ರೊಟ್ಟಿ, ಬೇಳೆ, ಶೇಂಗಾ ಚಟ್ನಿ ತಿಂದೆವು. ಪಾತ್ರೆ ತೊಳೆಯುವಾಗ ತಮಿಳು ಹುಡುಗಿ ಕೇಳಿದಳು, ದಿನಾ ಹೀಗೇ ಯಾಕೆ ಮಾಡಬಾರದು ಅಂತ.

ಬಿಸ್ಕೀಟಿನ ಒಂದು ಡಬ್ಬಿ ಇಟ್ಟೆವು. ತಿಂಗಳ ಒಂದನೇ ತಾರೀಖು ಒಬ್ಬೊಬ್ಬರು 70 ಯೂರೋ ಹಾಕುವುದು. ಲೆಕ್ಕ ನನ್ನದು, ನನ್ನ ಹತ್ತಿರ ಕಿರ್ದಿ ಇತ್ತಲ್ಲ. ವಾರಕ್ಕೊಮ್ಮೆ ಇಬ್ಬರು ಸಂತೆ ಮಾಡುವುದು, ಭಾನುವಾರ ಅಂಗಡಿ ಮುಚ್ಚಿರುವುದರಿಂದ ಶನಿವಾರವೇ. ಹತ್ತು ಕಿಲೋ ಅಕ್ಕಿ, ಐದು ಕಿಲೋ ಬೇಳೆ ಒಟ್ಟಿಗೆ ತಂದರೆ ದರ ಬೇರೆಯೇ ಆಗುತ್ತದೆ. ನಾನು ಒಬ್ಬಳೇ 60 ಯೂರೋದಲ್ಲಿ ಅನ್ನ-ಆಲೂಗಡ್ಡೆ ತಿನ್ನುತ್ತಿದ್ದೆ. ಬರೀ ಹತ್ತು ಯೂರೋ ಹೆಚ್ಚಿಗೆ ಹಾಕಿದ್ದಕ್ಕೆ ಹಾಲು, ಮೊಸರು, ಮೊಟ್ಟೆ, ಪಾಲಕ್, ಬೆಂಡೆಕಾಯಿ, ವಾರಕ್ಕೊಮ್ಮೆ ಹಣ್ಣು ಎಲ್ಲ ಬಂತು. ನಾಲ್ಕು ದಿನಕ್ಕೊಮ್ಮೆ ನನ್ನ ಅಡುಗೆ ಪಾಳಿ, ಉಳಿದ ಮೂರು ದಿನ ಸಂಜೆ ಎರಡು ತಾಸು ಓದಲು ಸಿಕ್ಕಿತು. ಜಗಳ ಇರಲಿಲ್ಲ ಅಂತಲ್ಲ. ಖಾರದ ವಿಷಯಕ್ಕೆ, ಪಾತ್ರೆಯ ವಿಷಯಕ್ಕೆ, ಒಬ್ಬಳು ತಿಂಗಳಲ್ಲಿ ಹತ್ತು ದಿನ ಊರಲ್ಲಿಲ್ಲದಿದ್ದರೆ ಅವಳ ಪಾಲು ಎಷ್ಟು ಎಂಬ ವಿಷಯಕ್ಕೆ. ಆದರೆ ಒಂದನೇ ತಾರೀಖು ಬಂದರೆ ಯಾರೋ ಒಬ್ಬರು ಬಾಗಿಲು ತಟ್ಟಿ ಡಬ್ಬಿ ಮುಂದೆ ಹಿಡಿಯುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ಪಿಗ್ಮಿ ಕಾಕಾ ಸ್ಟೂಲಿನ ಮೇಲೆ ಕೂತ ಹಾಗೆ ಅನ್ನಿಸುತ್ತಿತ್ತು. ಒಂದೂವರೆ ವರ್ಷ ನನಗೆ ಇಲ್ಲದೇ ಹೋಗಿದ್ದು ಅದೇ. ನಾನು ಒಬ್ಬಳೇ ಹಾಕಿ ಒಬ್ಬಳೇ ಲೆಕ್ಕ ಬರೆಯುತ್ತಿದ್ದೆ. ಸಾಕು ಅನ್ನುವವರೂ ಇರಲಿಲ್ಲ, ತೆಗೆಸು ಅನ್ನುವವರೂ ಇರಲಿಲ್ಲ.

ಇಲ್ಲಿ ಒಂದು ಸಣ್ಣ ಪ್ರಯಾಣದ ಬಗ್ಗೆ ಹೇಳಲೇಬೇಕು. ಸೀಗನ್‌ನಿಂದ ರೈಲಿನಲ್ಲಿ ಒಂದು ತಾಸಿಗೂ ಕಡಿಮೆ ದಾರಿಯಲ್ಲಿ, ಸೀಗ್ ನದಿಯ ಗುಂಟ, ಹಾಮ್ ಎಂಬ ಸಣ್ಣ ಊರಿದೆ. ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಜನ್ 1818ರಲ್ಲಿ ಹುಟ್ಟಿದ ಊರು, ಅವರ ಹೆಸರಿನ ಒಂದು ಮ್ಯೂಸಿಯಂ ಅಲ್ಲಿದೆ. ಆ ಹೆಸರು ನನಗೆ ಮೊದಲು ಬರೀ ಬ್ಯಾಂಕಿನ ಬೋರ್ಡಿನ ಮೇಲೆ ಕಂಡದ್ದು. ಆಮೇಲೆ ತಿಳಿಯಿತು. 1846-47ರ ಚಳಿಗಾಲದಲ್ಲಿ ಆ ಕಡೆ ಬರಗಾಲ ಬಿದ್ದಾಗ ಅವರು ಒಂದು ಹಳ್ಳಿಗೆ ಮೇಯರ್ ಆಗಿದ್ದರು. ಉಳ್ಳವರಿಂದ ಹಣ ಕೂಡಿಸಿ, ಹಿಟ್ಟು ತರಿಸಿ, ಊರೊಟ್ಟಿನ ಒಲೆಯಲ್ಲಿ ಬ್ರೆಡ್ ಸುಟ್ಟು ಬಡವರಿಗೆ ಉದ್ರಿ ಕೊಡಿಸಿದರು. ಅದರಿಂದ ಕಲಿತದ್ದನ್ನೇ ಬೆಳೆಸಿ 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಸಾಲದ ಸಂಘ ಕಟ್ಟಿದರು. ಮದ್ರಾಸ್ ಪ್ರಾಂತ್ಯದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ನಮ್ಮ ರೈತರ ಸಾಲದ ಬಗ್ಗೆ ವರದಿ ಬರೆದಾಗ ಇದೇ ಮಾದರಿಯನ್ನು ಎತ್ತಿ ಹಿಡಿದರು. 1904ರಲ್ಲಿ ಸಹಕಾರಿ ಕಾಯ್ದೆ ಬಂತು. 1905ರಲ್ಲಿ ಆ ಕಾಯ್ದೆಯಡಿಯ ಮೊದಮೊದಲ ಸಂಘಗಳಲ್ಲಿ ಒಂದು ಹುಟ್ಟಿದ್ದು ಎಲ್ಲಿ? ನಮ್ಮ ಗದಗಿನ ಪಕ್ಕದ ಕಣಗಿನಹಾಳದಲ್ಲಿ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು.

ಕಣಗಿನಹಾಳದ ಹೆಸರು ಸಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಒಂದು ಅಂಕದ ಪ್ರಶ್ನೆ ಅದು. ಹಾಮ್‌ನ ಆ ಮ್ಯೂಸಿಯಂ ಮುಂದೆ ನಿಂತಾಗ ಮಾತ್ರ ಅದು ಪ್ರಶ್ನೆಯಾಗಿ ಉಳಿಯಲಿಲ್ಲ. ನಮ್ಮೂರ ಮಗ್ಗುಲಲ್ಲಿ ನೂರಿಪ್ಪತ್ತು ವರ್ಷದ ಹಿಂದೆ ರೈತರು ಕೂಡಿ ಮಾಡಿದ್ದನ್ನು ನಾನು ಇಷ್ಟು ದೂರ ಬಂದು, ಒಂದು ಸೆಮಿಸ್ಟರ್ ಕಳೆದುಕೊಂಡು, ಬಿಸ್ಕೀಟ್ ಡಬ್ಬಿಯಲ್ಲಿ ಮತ್ತೆ ಕಂಡೆ. ನಮ್ಮ ಜಿಲ್ಲೆಯ ಡಂಬಳದಲ್ಲಿ ರೊಟ್ಟಿ ಜಾತ್ರೆ ಆಗುತ್ತದೆ, ಮನೆಮನೆಯ ರೊಟ್ಟಿ ಒಂದೆಡೆ ಬಂದು ಎಲ್ಲರೂ ಕೂತು ತಿನ್ನುತ್ತಾರೆ. ಅದನ್ನೂ ನೋಡಿಯೇ ಬೆಳೆದವಳು ನಾನು. ಹೊರದೇಶ ಅಂದಕೂಡಲೇ ಇವೆಲ್ಲ ಮನೆಯಲ್ಲೇ ಬಿಟ್ಟು ಬರುವ ಸಾಮಾನು ಅಂತ ಯಾಕೆ ಅಂದುಕೊಂಡೆನೋ.

ಉಳಿದದ್ದು ಬೇಗ ಹೇಳುತ್ತೇನೆ. ಕ್ಯಾಂಟೀನಿನಲ್ಲಿ ಕೂರಲು ಶುರು ಮಾಡಿದ ಒಂದು ತಿಂಗಳಿಗೆ, ನಮ್ಮ ವಿಭಾಗದಲ್ಲೇ ವಾರಕ್ಕೆ ಎಂಟು ತಾಸಿನ ಸಹಾಯಕಿ ಕೆಲಸ ಸಿಕ್ಕಿತು. ಹಗಲಿನ ಕೆಲಸ. ಆ ಎರಡೂ ಪರೀಕ್ಷೆ ಪಾಸಾಯಿತು. 2025ರ ಮಾರ್ಚ್‌ಗೆ ಓದು ಮುಗಿಯಿತು, ಈಗ ಅಲ್ಲೇ ಕೆಲಸದಲ್ಲಿದ್ದೇನೆ, ಸಾಲ ಕಟ್ಟುತ್ತಿದ್ದೇನೆ.

ಮತ್ತೆ ಆ ಹುಡುಗಿ

ಎರಡು ದಿನ ಬಿಟ್ಟು ನಾನೇ ಅವರ ಮನೆಗೆ ಹೋದೆ. 480ನ್ನು ಅಳಿಸು ಅಂತ ಹೇಳಿದೆ. ಅವಳ ಲೆಕ್ಕ ನನ್ನದಕ್ಕಿಂತ ಭಾರವಾಗಿದೆ. ಬ್ಲಾಕ್ಡ್ ಅಕೌಂಟ್ 2025ರಲ್ಲಿ 11,904 ಯೂರೋ ಇತ್ತು, ತಿಂಗಳಿಗೆ 992. ಆಗ ಯೂರೋ ನೂರು ರೂಪಾಯಿ ಮುಟ್ಟಿತ್ತು. ನನಗೆ 8.4 ಲಕ್ಷ ಆಗಿದ್ದು ಅವಳಿಗೆ ಹತ್ತಿರ ಹತ್ತಿರ 12 ಲಕ್ಷ. ಅದರ ಮೇಲೆ, ನಮ್ಮ ಓದಿನ ಕಾಗದಪತ್ರ ಅಸಲಿ ಅಂತ ತೋರಿಸುವ ಎಪಿಎಸ್ ಸರ್ಟಿಫಿಕೇಟಿಗೆ 18,000 ರೂಪಾಯಿ, ನಮ್ಮ ಸರದಿಯಲ್ಲಿ ಅದು ಇರಲಿಲ್ಲ. ಒಂದೆರಡು ವಿಷಯ ಸಲೀಸೂ ಆಗಿವೆ. ವಿದ್ಯಾರ್ಥಿಗಳು ಈಗ ವರ್ಷಕ್ಕೆ 140 ಪೂರ್ತಿ ದಿನ ದುಡಿಯಬಹುದು, ಕನಿಷ್ಠ ಕೂಲಿ 2025ರಲ್ಲಿ ತಾಸಿಗೆ 12.82 ಯೂರೋ ಇತ್ತು. ಬ್ಯಾಂಕ್ ಸಾಲದಿಂದ ಕಳಿಸುವ ಓದಿನ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ, ಹಿಡಿಯುವುದಿಲ್ಲ. ಇದನ್ನೆಲ್ಲ ಅವಳ ಅಪ್ಪ ಒಂದು ಕಾಗದದ ಮೇಲೆ ಬರೆದುಕೊಂಡರು.

ಅವಳ ಅವ್ವ ಮಾತ್ರ ಒಪ್ಪಲಿಲ್ಲ. "ನೀವು ಹಂಗ ಉಳಿಸಿದ್ದಕ್ಕ ಮುಂದ ಬಂದ್ರಿ ಅಲ್ಲನ್ರಿ?" ಅಂದರು. ನಾನು ಕಂಟ್ರೋಲ್ ಥಿಯರಿಯ ಕಥೆ ಹೇಳಿದೆ. ಬಸ್ ನಿಲ್ದಾಣದ ರಾತ್ರಿಯ ಬಗ್ಗೆಯೂ ಹೇಳಿದೆ. ನಮ್ಮ ಅಪ್ಪ-ಅವ್ವನಿಗೇ ಪೂರ್ತಿ ಹೇಳಿರಲಿಲ್ಲ ಅದನ್ನು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಹೊರಗೆ ಬಂದು ಮಗಳಿಗೆ, "ಬೂಟ ಇಲ್ಲೇ ತಗೋಳೂದೋ ಅಲ್ಲೇ ತಗೋಳೂದೋ ಅಕ್ಕಾರನ್ನ ಕೇಳ," ಅಂದರು. ಅಲ್ಲೇ ತಗೋ, ಮೊದಲ ವಾರವೇ ತಗೋ ಅಂದೆ.

ಅಪ್ಪ ಅವಳಿಗೂ ಒಂದು ಕಿರ್ದಿ ಹೊಲಿದು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಹೋದ ವಾರ ಅವಳ ಮೆಸೇಜ್ ಬಂದಿತ್ತು. ಹಾಸ್ಟೆಲಿನಲ್ಲಿ ಐದು ಜನ ಸೇರಿ ಡಬ್ಬಿ ಇಟ್ಟಿದ್ದಾರೆ, ತಲೆಗೆ 85 ಯೂರೋ. ಕಿರ್ದಿಯ ಒಂದು ಹಾಳೆಯ ಫೋಟೋ ಕಳಿಸಿದ್ದಳು. ಹಾಲು ಮೂರನೇ ಸಾಲಿನಲ್ಲಿತ್ತು. ಕೆಳಗೆ ಒಂದು ಪ್ರಶ್ನೆ: "ಅಕ್ಕಾರ, ಒಬ್ಬಾಕಿ ಮೊಟ್ಟಿ ತಿನ್ನೂದಿಲ್ಲರಿ. ಆಕಿ ಪಾಲು ಕಡಿಮಿ ಹಿಡೀಬೇಕೋ ಬ್ಯಾಡೋ? ನಿನ್ನೆಯಿಂದ ಇದ ಜಗಳ ನಡದೈತಿ."

ನಾವೂ ಅದಕ್ಕೇ ಒಂದು ವಾರ ಜಗಳ ಆಡಿದ್ದೆವು. ಆಮೇಲೆ ಮೊಟ್ಟೆ ತಿನ್ನದವಳಿಗೆ ಮೊಸರು ಒಂದು ಡಬ್ಬಿ ಹೆಚ್ಚಿಗೆ ಅಂತ ಬಗೆಹರಿಸಿದೆವು. ಅದನ್ನೇ ಬರೆದು ಕಳಿಸಿದೆ.